ಹಾಲೆಮರದ ಬುಡದ ದೀಪ

ಪುತ್ತೂರಿನ ನಮ್ಮ ಗುಡ್ಡೆಯ ಲೇಔಟಿನಲ್ಲಿ ಕರೆಂಟ್ ಉಳಿಸುವ ಕೆಲಸ ಶುರುವಾದ ಮೇಲೆ ಒಬ್ಬರಲ್ಲ ಒಬ್ಬರು ಹೆದರದ ವಾರವೇ ಇಲ್ಲ. ನಾನು ಸೋಲಾರ್ ಅಂಗಡಿ ಇಟ್ಟವನು, ಅಲ್ಲಿನ ರಸ್ತೆದೀಪಗಳನ್ನು ಹಾಕಿಕೊಟ್ಟದ್ದೂ ನಾನೇ. ಆದ್ದರಿಂದ ಇಲ್ಲಿ ಹೇಳುವುದೆಲ್ಲ ಸತ್ಯ. ಹೆಚ್ಚುಕಡಿಮೆ.

೧. ನಡೆಯುವವರಿಲ್ಲದ ನಡಿಗೆ

ನಮ್ಮ ಬಡಾವಣೆ ಸಂಘದ ಅಧ್ಯಕ್ಷರು ರಿಟೈರ್ಡ್ ಇಂಜಿನಿಯರ್. ಯಾರೂ ಇಲ್ಲದ ರಸ್ತೆಯಲ್ಲಿ ದೀಪ ಉರಿಯುವುದು ಕಂಡರೆ ಅವರಿಗೆ ಹೊಟ್ಟೆ ಉರಿಯುತ್ತದೆ. ಹಾಗಾಗಿ ಮನುಷ್ಯ ಹತ್ತಿರ ಬಂದರೆ ಹೊತ್ತಿ, ದಾಟಿದರೆ ಆರುವ ದೀಪ ಹಾಕಿಸಿದರು. "ಇದು ಮೈಯ ಬಿಸಿ ಹಿಡಿಯುವ ದೀಪ" ಎಂದು ನಾನು ಎಲ್ಲರಿಗೂ ವಿವರಿಸಿದೆ.

ಮೊದಲ ದಿನ ಮುಸ್ಸಂಜೆ ಎಲ್ಲರೂ ಗೇಟುಗಳಲ್ಲಿ ನಿಂತು ಕಾಯುತ್ತಿದ್ದೆವು. ರಸ್ತೆ ಖಾಲಿ. ಕೆಳಗಿನ ತಿರುವಿನ ದೀಪ ಹೊತ್ತಿತು. ಆರಿತು. ಅದರ ಮೇಲಿನದು ಹೊತ್ತಿತು. ನಾಯಿಗಳು ಬೊಗಳುವುದು ನಿಲ್ಲಿಸಿದವು. ಯಾರೋ ನಿಧಾನಕ್ಕೆ ಗುಡ್ಡೆ ಹತ್ತಿದ ಹಾಗೆ ಒಂದೊಂದೇ ದೀಪ ನಮ್ಮ ಎದುರಿನಿಂದಲೇ ದಾಟಿ ಹೋಯಿತು. ಕೊನೆಗೆ ತುದಿಯಲ್ಲಿ, ಪ್ರೇತ ಕೂರುತ್ತದೆ ಎಂದು ಜನ ಹೆದರುವ ಹಳೆಯ ಹಾಲೆಮರದ ಬುಡದ ದೀಪ ಹೊತ್ತಿತು. ಅದು ಆರಲಿಲ್ಲ.

ಬಾವಲಿ ಇರಬೇಕು ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಜನ ಟಿವಿ ಆರಿಸಿ ಹೊರಗೆ ಬಂದಿದ್ದರು, ಅದೂ ಒಂದು ಉಳಿತಾಯ ತಾನೆ?

ಆ ಮರದ ನೆರಳಿನ ಮನೆಯಲ್ಲಿ ಇರುವವರು ಟೀಚರಕ್ಕ. ಸುಳ್ಯದ ಕಡೆಯವರು. ಶಾಲೆಯಿಂದ ನಿವೃತ್ತರಾದರೂ ಶಾಲೆ ಅವರನ್ನು ಬಿಟ್ಟಿಲ್ಲ. ಕನ್ನಡಕ ಸರಿಮಾಡಿಕೊಂಡು ಹೇಳಿದರು: "ಯಾರೋ ಗೊತ್ತಿಲ್ಲ ಮಾರಾಯ್ರೆ. ಆದರೆ ಶಿಸ್ತಿನವರು. ಎಡಬದಿಯಲ್ಲೇ ಹೋದರು, ನೋಡಿ."

೨. ಅಧ್ಯಕ್ಷರ ಮೈಬಿಸಿ

ಮಳೆ ಹಿಡಿದ ಮೇಲೆ ಇನ್ನೊಂದು ಶುರುವಾಯಿತು. ಎಲ್ಲರಿಗೂ ಹೊತ್ತುವ ದೀಪ ಅಧ್ಯಕ್ಷರಿಗೆ ಮಾತ್ರ ಹೊತ್ತುವುದಿಲ್ಲ! ಸಂಜೆ ವಾಕಿಂಗಿಗೆ ಟೊಪ್ಪಿ ಸಮೇತ ಉದ್ದ ರೈನ್‌ಕೋಟ್ ಹಾಕಿ ಕತ್ತಲೆಯಲ್ಲೇ ಬರುತ್ತಾರೆ, ಕತ್ತಲೆಯಲ್ಲೇ ಹೋಗುತ್ತಾರೆ. ಚಪ್ಪಲಿಯ ಸದ್ದು ಮಾತ್ರ ದಾಟಿ ಹೋಗುತ್ತದೆ. ಹಿಂದೆ ಬರುವ ಟೀಚರಕ್ಕನ ಬೆಕ್ಕಿಗೆ ದೀಪ ಹೊತ್ತುತ್ತದೆ.

"ಇದೆಂತ?" ಎಂದು ನನ್ನನ್ನು ಕೇಳಿದರು.

"ಬದುಕಿದವರ ಬಿಸಿ ಸಿಕ್ಕಿದರೆ ಅದು ಖಂಡಿತ ಹೊತ್ತುದು ಸರ್," ಎಂದೆ ಮೆಲ್ಲಗೆ. "ನಿಮಗೆ ಆರಾಮ ಉಂಟಲ್ಲ?"

ದಪ್ಪ ರೈನ್‌ಕೋಟ್ ಮೈಬಿಸಿಯನ್ನು ಹೊರಗೆ ಬಿಡುವುದಿಲ್ಲ, ಅಷ್ಟೇ. ಅದನ್ನು ಹೇಳಲಿಕ್ಕೆ ನನಗೆ ಸ್ವಲ್ಪ ತಡವಾಯಿತು. ಅಷ್ಟರಲ್ಲಿ ಅವರು ಡಾಕ್ಟರರಲ್ಲಿಗೆ ಹೋಗಿ ಬಂದಾಗಿತ್ತು. "ಎಂತ ತೊಂದರೆ?" ಎಂದು ಡಾಕ್ಟರರು ಕೇಳಿದ್ದಕ್ಕೆ ಇವರು, "ನಾನು ಇದ್ದೇನಾ ಅಂತ ಒಮ್ಮೆ ನೋಡಿ," ಎಂದರಂತೆ.

೩. ಕಾಗೆಗೆ ದೀಪ

ಅಧ್ಯಕ್ಷರ ಸಿಟ್ಟು ಮರದ ಮೇಲೆ ತಿರುಗಿತು. ದೀಪಗಳಿಗೆ ಕರೆಂಟ್ ಕೊಡುವ ಸೋಲಾರ್ ಪ್ಯಾನೆಲ್ ಇರುವುದು ಸಂಘದ ಕೋಣೆಯ ಹೆಂಚಿನ ಮಾಡಿನಲ್ಲಿ. ಮಧ್ಯಾಹ್ನ ಕಳೆದರೆ ಅದರ ಮೇಲೆ ಹಾಲೆಮರದ ನೆರಳು. "ಕರೆಂಟ್ ಉಳಿಸಬೇಕಾದರೆ ಮರ ಹೋಗಬೇಕು," ಎಂದು ಅಧ್ಯಕ್ಷರು ತೀರ್ಮಾನಿಸಿದರು.

ಟೀಚರಕ್ಕನ ಮುಖ ಸಣ್ಣದಾಯಿತು. "ಎಪ್ರಿಲ್ ಸೆಕೆಯಲ್ಲಿ ಕರೆಂಟ್ ಹೋದರೆ ನನಗಿರುವ ಫ್ಯಾನ್ ಅದೊಂದೇ. ಅದನ್ನು ಕಡಿದರೆ ನನಗೆ ಆ ಮನೆಯಲ್ಲಿ ಇರ್ಲಿಕ್ಕೆ ಆಗುದಿಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ನೀನು ಇಷ್ಟು ಪೋಕ್ರಿತನ ಮಾಡ್ತಿ, ಒಳ್ಳೆಯದಕ್ಕೆ ಒಂದು ಮಾಡು."

ಕಡಬದಿಂದ ಮರ ಕಡಿಯುವವನು ಮೆಶಿನ್ ಹಿಡಿದು ಬಂದ. ನಮ್ಮ ತುಳುನಾಡಿನ ಆಷಾಢ, ಆಟಿ ತಿಂಗಳ ಮೋಡ, ಹಗಲಲ್ಲೇ ಕತ್ತಲೆ. ಮರವನ್ನು ಬುಡದಿಂದ ತುದಿಯವರೆಗೆ ನೋಡಿ ಕೇಳಿದ, "ಇದರಲ್ಲಿ ಯಾರಾದರೂ ಉಂಟಾ?"

"ಕಾಗೆ ಉಂಟು," ಎಂದರು ಅಧ್ಯಕ್ಷರು.

ಒಂದು ಎಲೆಯೂ ಅಲುಗಲಿಲ್ಲ. ನಾವೆಲ್ಲ ದೂರ ನಿಂತಿದ್ದೆವು. ಬುಡದ ದೀಪ ಹೊತ್ತಿತು. ಆರಿತು. ಪುನಃ ಹೊತ್ತಿತು.

ನನ್ನ ಕಿಸೆಯಲ್ಲಿ ರಿಮೋಟ್ ಇತ್ತು ಎಂದು ಕೆಲವರು ಹೇಳುವುದುಂಟು. ಜನ ಎಂತ ಬೇಕಾದರೂ ಹೇಳ್ತಾರೆ.

ಅವನು ಮೆಶಿನನ್ನು ಜೀಪಿಗೆ ಹಾಕಿದ. "ಆಟಿ ಅಮಾವಾಸ್ಯೆ ಕಳೆಯಲಿ ಸರ್, ಮರುದಿನ ಬರ್ತೇನೆ. ಅಷ್ಟರೊಳಗೆ ನಿಮ್ಮ ಕಾಗೆಗೆ ಬೇರೆ ಮನೆ ನೋಡಿ."

೪. ಅಮಾವಾಸ್ಯೆಯ ನಸುಕು

ಆಟಿ ಅಮಾವಾಸ್ಯೆಗೆ ಹಾಲೆಮರದ ಕೆತ್ತೆಯ, ಅಂದರೆ ತೊಗಟೆಯ, ಕಷಾಯ ಕುಡಿಯುವುದು ನಮ್ಮ ಕಡೆಯ ಕ್ರಮ. ಕುಡಿದವರಿಗೆ ರೋಗ ಹತ್ತಿರ ಬರುವುದಿಲ್ಲವಂತೆ. ಕೆತ್ತೆಯನ್ನು ಸೂರ್ಯ ಹುಟ್ಟುವ ಮೊದಲು ಕಲ್ಲಿನಿಂದ ಜಜ್ಜಿ ತೆಗೆಯಬೇಕು, ಕಬ್ಬಿಣ ತಾಗಬಾರದು, ಯಾರೂ ನೋಡಬಾರದು. ತೀರಾ ಹಳೆಯ ಕ್ರಮದವರು ಬಟ್ಟೆಯನ್ನೂ ಮನೆಯಲ್ಲೇ ಬಿಟ್ಟು ಹೋಗುತ್ತಾರೆ. "ಇದೆಲ್ಲ ಮೂಢನಂಬಿಕೆ" ಎಂದು ಅಧ್ಯಕ್ಷರು ಹಿಂದಿನ ದಿನವೇ ಸಂಘದ ವಾಟ್ಸಾಪಿಗೆ ಹಾಕಿದ್ದರು.

ನಸುಕು. ಮಳೆ ನಿಂತು ಮಂಜು ಕವಿದಿತ್ತು. ಹಾಲೆಮರದ ಕಡೆಯಿಂದ ಟಕ್... ಟಕ್... ಎಂಬ ಸದ್ದು. ಆ ಸದ್ದಿಗೆ ಇಡೀ ಗುಡ್ಡೆ ಉಸಿರು ಹಿಡಿದ ಹಾಗಿತ್ತು. ಫಕ್ಕನೆ ಬುಡದ ದೀಪ ಹೊತ್ತಿತು.

ಕೈಯಲ್ಲಿ ಬಿಳಿಕಲ್ಲು ಹಿಡಿದ ಅಧ್ಯಕ್ಷರು! ರೈನ್‌ಕೋಟ್ ಇಲ್ಲ. ರೈನ್‌ಕೋಟಿನ ಒಳಗೆ ಹಾಕುವಂಥದ್ದೂ ಇಲ್ಲ. ಒಂದೇ ನೆಗೆತಕ್ಕೆ ಮರದ ಹಿಂದೆ ಹೋದರು.

ಟೀಚರಕ್ಕನ ಕಿಟಕಿ ತೆರೆಯಿತು. "ಯಾರದು? ಪ್ರೇತವಾದರೆ ಹೋಗಬಹುದು. ಮನುಷ್ಯರಾದರೆ ಹೆಸರು ಹೇಳಿ!"

ಮರದ ಹಿಂದಿನಿಂದ ಸಣ್ಣ ಸ್ವರ ಬಂತು. "ನಾನು ಟೀಚರೇ, ಅಧ್ಯಕ್ಷ. ದಮ್ಮಯ್ಯ, ಕಿಟಕಿ ಹಾಕಿ."

"ಓ ನೀವಾ! ಎದುರು ಬನ್ನಿ, ಮಾತಾಡುವ."

"ಈಗ ಬರ್ಲಿಕ್ಕೆ ಆಗುದಿಲ್ಲ."

"ಹಾಗಾದರೆ ನಾಳೆ ಮರ ಕಡಿದ ಮೇಲೆ ಎಲ್ಲಿ ನಿಲ್ತೀರಿ?"

ಕೆಳಗಿನ ಮನೆಗಳ ಬಾಗಿಲು ಒಂದೊಂದಾಗಿ ತೆರೆಯುವ ಸದ್ದು ಕೇಳಿಸಿತು.

"ಕಡಿಯುದಿಲ್ಲ ಟೀಚರೇ."

"ದೇವರಾಣೆ?"

"ದೇವರಾಣೆ. ಪ್ಯಾನೆಲನ್ನು ನನ್ನ ಮನೆಯ ಮಾಡಿಗೇ ಹಾಕುವ. ಕಿಟಕಿ ಹಾಕಿ ಮಾರಾಯ್ತಿ!"

ಕಿಟಕಿ ಮುಚ್ಚಿತು.

ಮುಂದಿನ ಸಭೆಯಲ್ಲಿ ಅಧ್ಯಕ್ಷರೇ ಎದ್ದು ನಿಂತರು. "ಹಾಲೆಮರ ಬಡಾವಣೆಯ ಆಸ್ತಿ. ಕಡಿಯುವ ಮಾತೇ ಇಲ್ಲ. ಅದು ಇನ್ನೂ ದಪ್ಪ ಆಗಬೇಕು."

ನಾನು ಕೂಡಲೇ ಕೈಯೆತ್ತಿ ಅನುಮೋದಿಸಿದೆ. ಅಧ್ಯಕ್ಷರು ಮರದ ಹಿಂದೆ ಹಾರಿ ಬಂದಾಗ ಅಲ್ಲಿ ಮೊದಲೇ ನಾನು ಕಲ್ಲು ಹಿಡಿದು, ಅದೇ ತೀರಾ ಹಳೆಯ ಕ್ರಮದಲ್ಲಿ ನಿಂತಿದ್ದೆ. ಇಬ್ಬರಿಗೆ ಆ ಮರ ಸಾಲುವುದಿಲ್ಲ.