ಮೆಟ್ಟುಗಾಲು ಹಕ್ಕಿಯ ಗುಲಾಬಿ ಕಾಲು

“ಇದನ್ನ ಕ್ಯಾಮೆರಾ ಮೂತಿಗೆ ಸಿಕ್ಕಿಸಿ ಒತ್ತಿದ್ರೆ ಎದುರಿಗಿರೋ ಹಕ್ಕಿ ನಿಜವಾಗಲೂ ಕಪ್ಪು ಬಿಳುಪಾಗತ್ತೆ. ಇನ್ನೊಂದ್ಸಲ ಒತ್ತಿದ್ರೆ ಬಣ್ಣ ವಾಪಸ್!”

ಕೆರೆ ಏರಿಯ ಮೇಲೆ ನಿಂತ ಕೇಶವಯ್ಯ ತಾವೇ ಮಾಡಿದ ಬಣ್ಣ ಹೀರುವ ಡಬ್ಬಿಯನ್ನು ಹೆಂಡತಿಯ ಮುಂದೆ ಹಿಡಿದರು.

ಚೂಡಾಮಣಮ್ಮನವರಿಗೆ ಗಂಡನ ಯಂತ್ರಗಳ ಮೇಲೆ ಎಳ್ಳಷ್ಟೂ ನಂಬಿಕೆಯಿರಲಿಲ್ಲ. ಹೋದ ಸಲದ ದೋಸೆ ಮಗುಚುವ ಯಂತ್ರ ದೋಸೆಯ ಜೊತೆಗೆ ಒಲೆಯನ್ನೂ ಮಗುಚಿ ಹಾಕಿತ್ತು. ಆದರೆ ಈಗ ಮಾನದ ಪ್ರಶ್ನೆ. ಮದುವೆ ಫೋಟೋ ತೆಗೆಯುತ್ತಿದ್ದ ತಮ್ಮ ಸ್ಟುಡಿಯೋ ಮುಚ್ಚಿದ ಮೇಲೂ ಕೆರೆಯ ಹಕ್ಕಿಗಳನ್ನು ಕಪ್ಪು ಬಿಳುಪಿನಲ್ಲೇ ತೆಗೆಯುತ್ತ ಬಂದವರು ಚೂಡಾಮಣಮ್ಮ. ಈ ವರ್ಷ ಫೋಟೋ ಸಂಘದ ಕಾರ್ಯದರ್ಶಿ ದೊರೆಸ್ವಾಮಿ ಹೊಸ ನಿಯಮ ತಂದಿದ್ದ: ಪ್ರದರ್ಶನಕ್ಕೆ ಇಡುವ ಫೋಟೋ ಕಣ್ಣಿಗೆ ಕಂಡ ಹಾಗೇ ಇರಬೇಕು.

“ಮೆಟ್ಟುಗಾಲು ಹಕ್ಕಿಯ ಗುಲಾಬಿ ಕಾಲನ್ನ ಬೂದಿ ಮಾಡಿಟ್ಟಿದ್ದೀರಲ್ಲಮ್ಮ. ಕಲರಲ್ಲಿ ತೆಗೀರಿ, ಇಲ್ಲಾ ಬಿಡಿ,” ಎಂದು ಅವರ ಫೋಟೋವನ್ನು ವಾಪಸು ಕೊಟ್ಟಿದ್ದ.

“ದೇವರು ಮೈಯೆಲ್ಲ ಕಪ್ಪು ಬಿಳುಪಲ್ಲಿ ಮಾಡಿ, ಕಾಲಿನ ಹತ್ರ ಬಂದಾಗ ಮನಸ್ಸು ಬದಲಾಯಿಸಿದ್ರೆ ಅದು ನನ್ನ ತಪ್ಪಾ? ನಾನು ಬಗ್ಗಲ್ಲ,” ಎಂದು ಈಗ ಗಂಡನಿಗೆ ಹೇಳುತ್ತ ಚೂಡಾಮಣಮ್ಮ ಡಬ್ಬಿಯನ್ನು ಕ್ಯಾಮೆರಾಕ್ಕೆ ಸಿಕ್ಕಿಸಿ ಒತ್ತಿದರು.

ನೀರಿನಲ್ಲಿ ನಿಂತಿದ್ದ ಮೆಟ್ಟುಗಾಲು ಹಕ್ಕಿಯ ಕಾಲು ಬೂದಿಬಣ್ಣಕ್ಕೆ ತಿರುಗಿತು. ಹಕ್ಕಿ ಒಂದು ಕಾಲೆತ್ತಿ ನೋಡಿಕೊಂಡಿತು. ಆಮೇಲೆ ಇನ್ನೊಂದನ್ನು.

“ಇನ್ನೊಂದ್ಸಲ ಒತ್ತೇ, ಪಾಪ!”

“ಒಂದು ಹಕ್ಕಿಗೆ ಒಂದೇ ಫಿಲಂ ರೀ. ಮದುವೆ ಗಂಡು ಕಣ್ಣು ಮುಚ್ಚಿಬಿಟ್ರೂ ನಾನು ಎರಡನೇ ಸಲ ಒತ್ತಿದವಳಲ್ಲ.”

ಕ್ಯಾಮೆರಾವನ್ನು ಕೊರಳಿಗೆ ತೂಗುಬಿಟ್ಟರು. ಎರಡನೇ ಒತ್ತು ಬೀಳದ ಡಬ್ಬಿ ಬಾಯಿ ತೆರೆದುಕೊಂಡೇ ಇತ್ತು. ಅವರು ತಿರುಗಿದ ಕಡೆಯೆಲ್ಲ ಅದು ಬಣ್ಣ ಕುಡಿಯತೊಡಗಿತು. ಕೆರೆಯ ನೀರಿನ ನೀಲಿ ಹೋಯಿತು, ಜೊಂಡಿನ ಹಸಿರು ಹೋಯಿತು, ಏರಿಯ ಗುಲ್‌ಮೊಹರ್ ಬೂದಿ ಹೂ ಬಿಟ್ಟಿತು. ಗಂಡನನ್ನು ಗದರಿಸಲು ತಿರುಗಿದರೆ, ಅವರೂ ಮದುವೆ ಆಲ್ಬಮ್ಮಿನಲ್ಲಿ ಇದ್ದಂತೆಯೇ ಆಗಿಹೋದರು.

ಅಷ್ಟರಲ್ಲಿ ಗಿಳಿಹಸಿರು ಅಂಗಿ ತೊಟ್ಟ ದೊರೆಸ್ವಾಮಿ ಬೆಳ್ಳಕ್ಕಿಯ ಫೋಟೋ ತೆಗೆಯಲೆಂದು ಸ್ಕೂಟರಿನಲ್ಲಿ ಬಂದಿಳಿದ. ಚೂಡಾಮಣಮ್ಮ ನಿಧಾನವಾಗಿ, ಬೇಕೆಂದೇ, ಅವನ ಕಡೆ ತಿರುಗಿದರು.

“ಅಯ್ಯಯ್ಯೋ, ಇದೇನಮ್ಮ!”

“ಕಣ್ಣಿಗೆ ಏನು ಕಾಣ್ತಿದೆ, ನೀವೇ ಹೇಳಿ.”

“ಬರೀ ಕಪ್ಪು ಬಿಳುಪು!”

“ಹಾಗಿದ್ರೆ ನನ್ನ ಫೋಟೋ ನಿಮ್ಮ ನಿಯಮಕ್ಕೆ ಸರಿಯಾಗೇ ಇದೆ.”

ದೊರೆಸ್ವಾಮಿ ತನ್ನ ಬೂದಿ ಕೈಗಳನ್ನು ಜೋಡಿಸಿದ. “ಬಾಗಿಲ ಎದುರಿಗೇ ಹಾಕಿಸ್ತೀನಿ ತಾಯಿ. ಸಂಜೆ ಮಗಳ ನಿಶ್ಚಿತಾರ್ಥ. ಈ ಮುಖ ಹೊತ್ಕೊಂಡು ಬೀಗರ ಮುಂದೆ ಹೇಗೆ ನಿಲ್ಲಲಿ?”

ಗೆದ್ದ ಸಂತೋಷಕ್ಕೆ ಚೂಡಾಮಣಮ್ಮನವರ ಎದೆ ತುಂಬಿತು. ಒಂದು ಫಿಲಂ ಹಾಳಾದರೆ ಹಾಳಾಗಲಿ ಎಂದು ಕೆರೆಯ ಕಡೆ ತಿರುಗಿ ಒತ್ತಿದರು.

ಡಬ್ಬಿ ಕೆಮ್ಮಿತು. ಯಾರ ಬಣ್ಣ ಯಾರದೆಂದು ನೆನಪಿಡುವ ವ್ಯವಸ್ಥೆಯನ್ನು ಕೇಶವಯ್ಯ ಅದಕ್ಕೆ ಮಾಡಿರಲಿಲ್ಲ. ಕುಡಿದದ್ದನ್ನೆಲ್ಲ ಅದು ಎದುರಿಗಿದ್ದ ಒಂದೇ ಒಂದು ಬೆಳ್ಳಕ್ಕಿಯ ಮೇಲೆ ಸುರಿಯಿತು. ಕೆಂಪು ರೆಕ್ಕೆ, ನೀಲಿ ಕತ್ತು, ದೊರೆಸ್ವಾಮಿಯ ಅಂಗಿಯ ಗಿಳಿಹಸಿರು ಬೆನ್ನು ಹೊತ್ತ ಬೆಳ್ಳಕ್ಕಿ ಬೂದಿ ಕೆರೆಯಲ್ಲಿ ಗಂಭೀರವಾಗಿ ಮೀನು ಹುಡುಕತೊಡಗಿತು.

ತಾನಿನ್ನೂ ಬೂದಿಯಾಗಿಯೇ ಇದ್ದೇನೆ, ಹೆಗಲಲ್ಲಿ ತನ್ನದೇ ಕ್ಯಾಮೆರಾ ಇದೆ ಎಂಬುದನ್ನೂ ಮರೆತು ದೊರೆಸ್ವಾಮಿ ಅಂಗಲಾಚಿದ. “ಇಂಥದ್ದು ಜನ್ಮದಲ್ಲಿ ಸಿಗಲ್ಲಮ್ಮ. ಇದೊಂದನ್ನಾದ್ರೂ ಕಲರಲ್ಲಿ ತೆಗೀರಿ.”

ಚೂಡಾಮಣಮ್ಮ ಕಣ್ಣು ಕಿರಿದು ಮಾಡಿ ಹಕ್ಕಿಯನ್ನು ನೋಡಿದರು.

“ಬೆನ್ನು ತೋರಿಸ್ಕೊಂಡು ನಿಂತಿದೆ. ಅಂಥದ್ದನ್ನ ನಾನು ಯಾವ ಬಣ್ಣದಲ್ಲೂ ತೆಗೆಯಲ್ಲ.”