ಕಡಲ ತಳದ ದೀಪ ದೊಡ್ಡದಾಯಿತು

ಹೈದರಾಬಾದಿನ ಬಾಲಾನಗರದ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಎಲೆಕ್ಟ್ರಿಷಿಯನ್ ಆಗಿರುವ ಕಾಶಿನಾಥ ನಾನು. ಕರೆಂಟು ನನ್ನನ್ನು ಕಂಡರೆ ಎದ್ದು ನಿಂತು ನಮಸ್ಕಾರ ಮಾಡುತ್ತದೆ! ಅಂಥವನು, ಭಾನುವಾರ ಮಧ್ಯಾಹ್ನ ಮಗಳು ಲಹರಿ ಕಂಪ್ಯೂಟರ್ ಮುಂದೆ ತಲೆ ಹಿಡಿದು ಕೂತಿದ್ದನ್ನು ನೋಡಿ ಸುಮ್ಮನಿರಲಾದೀತೇ?

ಕಾಲೇಜು ರಜೆಯ ಹದಿನೆಂಟು ದಿನ ಕೂತು ಅವಳು ಗೇಮಿನಲ್ಲೊಂದು ಜಲಾಂತರ್ಗಾಮಿ ಕಟ್ಟಿದ್ದಳು. ಅದೀಗ ಬ್ಯಾಟರಿ ಸತ್ತು ಕಡಲ ತಳದಲ್ಲಿ ಬಿದ್ದಿತ್ತು. ಹೊಸ ಬ್ಯಾಟರಿ ಕೂಡಿಸಿದರೆ ಮೇಲೆ ಬರುತ್ತದೆ. ಇಲ್ಲದಿದ್ದರೆ ಒಳಗಿನ ಗಾಳಿ ಮುಗಿದು ಹದಿನೆಂಟು ದಿನವೂ ನೀರುಪಾಲು.

"ಸರಿ ಅತ್ಲಾಗ. ಇದು ನನ್ನ ಡಿಪಾರ್ಟ್‌ಮೆಂಟ್."

"ಬ್ಯಾಡ್ರಿ ಅಪ್ಪಾ, ಗೇಮಿನಾಗ ಏನೋ ಗ್ಲಿಚ್ ಐತಿ. ಬ್ಯಾಟರಿ ಕೂಡವಲ್ದು."

"ನನ್ನ ಕೈಯಾಗ ಕೂಡದ ಬ್ಯಾಟರಿ ಇನ್ನೂ ಹುಟ್ಟಿಲ್ಲ."

ಹುಟ್ಟಿತ್ತು. ಮೊದಲ ಸಲ ಅದು ಹಡಗಿನ ನೆಲ ತೂರಿ ಹೊರಬಿದ್ದು ಮೀನುಗಳ ಜೊತೆ ತಿರುಗಾಡಲು ಹೊರಟಿತು. ಹಿಡಿದು ತಂದೆ. ಎರಡನೇ ಸಲ ಗೋಡೆಯಲ್ಲಿ ಅರ್ಧ ಹೂತು ಕೂತಿತು. ಮೂರನೇ ಸಲ ಬ್ಯಾಟರಿ ಕದಲಲಿಲ್ಲ, ಇಡೀ ಹಡಗೇ ಅದರ ಸುತ್ತ ಬುಗುರಿಯಾಯಿತು.

"ಅರ್ಥಿಂಗ್ ಎಲ್ಲಿ ಕೊಟ್ಟೀ?" ಎಂದು ಗದರಿದೆ.

"ನೀರಾಗ ಅರ್ಥಿಂಗ್ ಯಾಕ್ರಿ ಅಪ್ಪಾ?"

"ಅರ್ಥಿಂಗ್ ಇಲ್ಲದ ಕೆಲಸಕ್ಕ ಅರ್ಥನ ಇಲ್ಲವ್ವಾ."

ಅಡುಗೆಮನೆಯಿಂದ ಹೆಂಡತಿ ಸುವರ್ಣಾಳ ದನಿ ಬಂತು. "ಮಿಕ್ಸರ್ ಪ್ಲಗ್ ಬದಲಿ ಮಾಡ್ರಿ ಅಂತ ಹೇಳಿ ತಿಂಗಳಾತು. ಅದಕ್ಕೂ ಅರ್ಥ ಇಲ್ಲೇನ್ರಿ?"

ಮಹತ್ಕಾರ್ಯದಲ್ಲಿದ್ದವರು ಇಂಥದ್ದಕ್ಕೆಲ್ಲ ಉತ್ತರ ಕೊಡುವುದಿಲ್ಲ. ಹತ್ತು ಸಲ ಸೋತೆ. ಹನ್ನೊಂದನೇ ಸಲ ಕಾರ್ಖಾನೆಯ ವಿದ್ಯೆ ಪ್ರಯೋಗಿಸಿದೆ: ಮೊಂಡು ಪ್ಲಗ್ಗಿಗೆ ಪಕ್ಕದಿಂದ ಒಂದು ಪೆಟ್ಟು. ಟಕ್! ಬ್ಯಾಟರಿ ಕೂತಿತು. ಹಡಗಿನ ಮುಂದಿನ ದೀಪ ಝಗ್ಗೆಂದಿತು. ಲಹರಿ ನನ್ನ ತೋಳು ಹಿಡಿದು ಕುಣಿದಳು. ನಿಜ ಹೇಳುತ್ತೇನೆ, ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅಷ್ಟು ಹೆಮ್ಮೆ ನನಗೆ ಎಂದೂ ಆಗಿರಲಿಲ್ಲ.

ಆದರೆ ಅಷ್ಟು ಸಲ ಬೀಳಿಸಿ ಎತ್ತುವಷ್ಟರಲ್ಲಿ ಹೊಸ ಬ್ಯಾಟರಿಯಲ್ಲಿ ಉಳಿದದ್ದು ಮೂರೇ ಪರ್ಸೆಂಟ್. ದೀಪ ಆರಿಸಿದರೆ ಮಾತ್ರ ಮೇಲೇರುವಷ್ಟು ಶಕ್ತಿ ಉಳಿಯುತ್ತದೆ. ನನ್ನ ಕೈಯಲ್ಲಿ ಮೌಸು, ಅವಳ ಕೈಯಲ್ಲಿ ಕೀಬೋರ್ಡು.

"ಲಹರೀ, ಲಗೂನ ದೀಪ ದೊಡ್ಡದು ಮಾಡು!"

ಮಾಡಿದಳು. ಕಡಲ ತಳದಲ್ಲಿ ಹಗಲಾಯಿತು. ಮೂರು, ಎರಡು, ಒಂದು, ಕತ್ತಲು. ಹಡಗು ಹೋಯಿತು.

"ಏನ ಮಾಡಿದಿಯವ್ವಾ?"

ಸಿಟ್ಟು ಬಂದಾಗ ಅವಳಿಗೆ ನಾನು ತೆಲುಗಿನ ಅಪ್ಪನಾಗುತ್ತೇನೆ. "ನಾನ್ನಾ! ನೀವ ದೊಡ್ಡದು ಮಾಡು ಅಂದ್ರಿ. ಫುಲ್ ಮಾಡಿದೆ."

ಸುವರ್ಣಾ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ನಮ್ಮೂರ ಕಡೆ ದೀಪ ಆರಿಸು ಅನಬಾರದವ್ವಾ, ಅಪಶಕುನ. ದೊಡ್ಡದು ಮಾಡು ಅಂತಾರ. ಹಂಗಂದ್ರ ಬಂದ್ ಮಾಡು ಅಂತ. ಹೈದರಾಬಾದಿನಾಗ ಹುಟ್ಟಿದಾಕಿಗೆ ಇದು ಹೆಂಗ ತಿಳೀಬೇಕ್ರಿ?"

ಲಹರಿ ಕಣ್ಣೊರೆಸಿಕೊಂಡು, "ಇರ್ಲಿ, ಮೊದಲಿಂದ ಕಟ್ತೀನಿ," ಎಂದಳು.

ನಾನು ತಕ್ಷಣ ಕುರ್ಚಿ ಎಳೆದುಕೊಂಡೆ. "ಈ ಸಲ ವೈರಿಂಗ್ ಪೂರಾ ನಂದು. ಎಂಥಾ ಹಡಗು ಮಾಡ್ತೀನಿ ನೋಡು, ಇಡೀ ಹೈದರಾಬಾದ್..."

"ಲಹರೀ," ಎಂದಳು ಸುವರ್ಣಾ, "ಮೊದಲು ನಿಮ್ಮಪ್ಪನ ಬಾಯಿ ದೊಡ್ಡದು ಮಾಡು."

"ಅದು ಮೊದಲ ದೊಡ್ಡದೈತಲ್ಲವ್ವಾ."