ಟರ್ಬೊಗೆ ಹಾಕಿದ ಬಿರಡೆ

ಧೈರ್ಯವಂತರ ಪಾಡೇ ಇಷ್ಟು. ಹೆದರಿಕೆಯ ಪ್ರಸಂಗಗಳೆಲ್ಲ ವಿಳಾಸ ಕೇಳಿಕೊಂಡು ಅವರ ಮನೆಗೇ ಬರುತ್ತವೆ. ನಾನು ಹಾಸನದಿಂದ ಅಹಮದಾಬಾದಿಗೆ ಬಂದು ಮೂವತ್ತೊಂದು ವರ್ಷವಾಯಿತು. ಇಷ್ಟು ವರ್ಷದಲ್ಲಿ ನಾನು ಹೆದರಿದ್ದನ್ನು ಕಂಡವರು ಈ ಊರಿನಲ್ಲಿ ಒಬ್ಬರೂ ಇಲ್ಲ. ಹೆದರಿಕೆ ಬರುವ ಸೂಚನೆ ಕಂಡರೆ ಸಾಕು, ಏನಾದರೂ ಕೆಲಸದ ನೆವ ಹೇಳಿ ಪಕ್ಕದ ಕೋಣೆಗೆ ಹೋಗಿಬಿಡುತ್ತೇನೆ. ಆದರೆ ಕಾರಿನೊಳಗೆ ಪಕ್ಕದ ಕೋಣೆ ಇರುವುದಿಲ್ಲ. ಮಗಳಿಗೆ ಕಾರು ತಲುಪಿಸಲು ಸೂರತ್ತಿಗೆ ಹೊರಟಾಗ ಈ ಕೊರತೆ ನನ್ನ ಗಮನಕ್ಕೆ ಬಂತು.

೧. ಸೋರಿಕೆ ಹಿಡಿದದ್ದು

ಮಗಳಿಗೆ ಸೂರತ್ತಿನ ಹೊರಗೆ ಸಚಿನ್ ಎಂಬ ಊರಿನಲ್ಲಿರುವ ಬಣ್ಣದ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತು. ಕೋಣೆ ಮಾತ್ರ ಸೂರತ್ತಿನ ಇನ್ನೊಂದು ಮೂಲೆಯ ವರಾಛಾದಲ್ಲಿ. ದಿನಾ ಹೋಗಿಬರಲು ಕಾರು ಬೇಕೆಂದಳು. ಒಬ್ಬಳೇ ಮಗಳು, ದಾರಿಯುದ್ದಕ್ಕೂ ಲಾರಿ, ಟ್ಯಾಂಕರು. ಚುರುಕಾಗಿ ಮುಂದೆ ಹೋಗುವ ಗಾಡಿಯೇ ಇರಲಿ ಎಂದು, ಮೂರು ವರ್ಷ ಓಡಿದ್ದ ಟರ್ಬೊ ಪೆಟ್ರೋಲ್ ಕಾರೊಂದನ್ನು ನಾನೇ ಆರಿಸಿದೆ. ಟರ್ಬೊ ಅಂದರೇನು ಎಂದು ಹೆಂಡತಿ ಕೇಳಿದಳು. ಒಳಗೊಂದು ಪುಟ್ಟ ಫ್ಯಾನು ಇರುತ್ತದೆ, ಅದು ಗಾಳಿಯನ್ನು ಒತ್ತಿ ಒತ್ತಿ ತುಂಬುತ್ತದೆ, ಹಾಗಾಗಿ ಇರುವುದಕ್ಕಿಂತ ಎರಡರಷ್ಟು ಜೋರು ತೋರಿಸುತ್ತದೆ ಎಂದೆ.

"ನಿಮ್ಮ ಹಾಗೆ" ಎಂದಳು.

ಗಾಳಿಯ ವಿಷಯದಲ್ಲಿ ನನ್ನ ಯೋಗ್ಯತೆಯನ್ನು ಇಲ್ಲಿ ಹೇಳಲೇಬೇಕು. ನಾನಿರುವುದು ಸಂಶೋಧನಾ ಕೇಂದ್ರವೊಂದರ ನಿರ್ವಾತ ವಿಭಾಗದಲ್ಲಿ. ದೊಡ್ಡ ಉಕ್ಕಿನ ಡಬ್ಬಿಗಳಿಂದ ಗಾಳಿಯನ್ನೆಲ್ಲ ಎಳೆದು ಖಾಲಿ ಮಾಡುವುದು, ಎಲ್ಲಾದರೂ ಸೂಜಿಮೊನೆಯಷ್ಟು ಸೋರಿದರೆ ಹುಡುಕಿ ಮುಚ್ಚುವುದು ನನ್ನ ಕಸುಬು. ಸೋರಿಕೆ ಹುಡುಕುವ ಯಂತ್ರ ಕೆಟ್ಟರೆ ಅದನ್ನು ರಿಪೇರಿಗೆ ಕಳಿಸುವ ಬದಲು ನನ್ನನ್ನು ಕರೆಯುತ್ತಾರೆ. ಒಮ್ಮೆ ಕ್ಯಾಂಟೀನಿನಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದವನು ಎರಡನೇ ಮಹಡಿಯ ಸೋರಿಕೆಯ ಸದ್ದು ಕೇಳಿ ತಟ್ಟೆ ಬಿಟ್ಟು ಓಡಿದ್ದೆ. ಅದು ಕ್ಯಾಂಟೀನಿನ ಕುಕ್ಕರಿನ ಸದ್ದಾಗಿತ್ತು ಎನ್ನುವ ಹೊಟ್ಟೆಕಿಚ್ಚಿನವರೂ ಇದ್ದಾರೆ, ಇರಲಿ.

ಭಾನುವಾರ ನರೋಡಾದ ಕಾರ್ಖಾನೆಗಳ ನಡುವಿನ ಅಗಲ ರಸ್ತೆ ಖಾಲಿಯಿರುತ್ತದೆಂದು ಕಾರನ್ನು ಅಲ್ಲಿಗೆ ಒಯ್ದೆ. ಜೋರಾಗಿ ಒತ್ತಿ, ಕಾಲು ಎತ್ತಿದೆ. ಬಾನೆಟ್ಟಿನೊಳಗಿಂದ "ಫುಸ್" ಎಂದಿತು. ಮತ್ತೆ ಒತ್ತಿದೆ, ಎತ್ತಿದೆ. ಮತ್ತೆ ಫುಸ್. ಮೂವತ್ತೊಂದು ವರ್ಷದ ರಕ್ತ ಕುದಿಯಿತು. ಗಾಡಿ ನಿಲ್ಲಿಸಿ ನೋಡಿದರೆ ನಿಂಬೆಹಣ್ಣಿನಷ್ಟು ದೊಡ್ಡದೊಂದು ವಾಲ್ವು, ಅದರಿಂದ ಹೆಬ್ಬೆರಳು ದಪ್ಪದ ರಬ್ಬರ್ ಪೈಪು ಹೊರಟು ಫ್ಯಾನಿನ ಬಾಯಿಗೇ ವಾಪಸ್ಸು ಹೋಗಿದೆ. ಕಷ್ಟಪಟ್ಟು ಒತ್ತಿದ ಗಾಳಿಯನ್ನು ಬಂದ ಕಡೆಗೇ ಬಿಟ್ಟುಬಿಡುವುದೆಂದರೆ ಏನರ್ಥ? ನನ್ನ ಸ್ವಂತ ಸಲಕರಣೆಯ ಡಬ್ಬಿಯಿಂದ ಅಳತೆಗೆ ಸರಿಯಾದ ರಬ್ಬರ್ ಬಿರಡೆಯೊಂದನ್ನು ತೆಗೆದು ಪೈಪಿನೊಳಗೆ ಒತ್ತಿ, ಮೇಲೆ ಕ್ಲಿಪ್ಪು ಬಿಗಿದೆ. ಫುಸ್ ನಿಂತಿತು.

ಮನೆಗೆ ಬಂದು, ಕಂಪನಿಯ ಇಂಜಿನಿಯರುಗಳಿಗೂ ಕಾಣದ ದೋಷವೊಂದನ್ನು ಸರಿಪಡಿಸಿದೆ ಎಂದೆ. ಏನು ಮಾಡಿದಿರಿ ಎಂದು ಹೆಂಡತಿ ಕೇಳಿದಳು. ತಾಂತ್ರಿಕ ವಿಷಯ ಎಂದೆ. ನಮ್ಮ ಮನೆಯಲ್ಲಿ ಆ ಮಾತಿಗೆ, ಇನ್ನೆರಡು ದಿನದಲ್ಲಿ ರಿಪೇರಿಯವನನ್ನು ಕರೆಯಬೇಕು ಎಂದು ಅರ್ಥ.

೨. ಒಳಗೊಂದು ಪಾರಿವಾಳ

ಮರುದಿನ ಬೆಳಿಗ್ಗೆ ನಮ್ಮ ಫ್ಲಾಟುಗಳ ಸೊಸೈಟಿಯ ನೆಲಮಾಳಿಗೆಯಿಂದ ಕಾರನ್ನು ಇಳಿಜಾರು ಹತ್ತಿಸಿ ಮೇಲೆ ತಂದೆ. ಏರು ಮುಗಿದಾಗ ಕಾಲು ಎತ್ತಿದೆ. "ತುತುತುತುತು" ಎಂದಿತು. ಗೂಡಿನಲ್ಲಿ ಸಿಕ್ಕಿಕೊಂಡ ಹಕ್ಕಿ ರೆಕ್ಕೆ ಬಡಿದ ಹಾಗೆ. ನನ್ನ ಎದೆಯೂ ಅದೇ ತಾಳದಲ್ಲಿ ಬಡಿಯಿತು.

ಗೇಟಿನ ಹತ್ತಿರ ನೆಲಮಹಡಿಯ ಕಾಕಾ ನಿಂತಿದ್ದರು. ಬಟ್ಟೆ ವ್ಯಾಪಾರ ಮಗನಿಗೆ ಬಿಟ್ಟುಕೊಟ್ಟು, ಬೆಳಿಗ್ಗೆಯೆಲ್ಲ ಪಾರಿವಾಳಗಳಿಗೆ ಜೋಳ ಹಾಕುವ ಪುಣ್ಯಾತ್ಮರು. ಈ ಊರಿನಲ್ಲಿ ಮನುಷ್ಯ ಬಿದ್ದರೆ ಸುತ್ತು ಹಾಕಿ ಹೋಗುವವರು ಇದ್ದಾರೆ, ಪಾರಿವಾಳ ಬಿದ್ದರೆ ಹಾಗೆ ಹೋಗುವವರಿಲ್ಲ. ಕಾಕಾ ಎರಡೂ ಕೈ ಚಾಚಿ ಕಾರಿಗೆ ಅಡ್ಡ ನಿಂತರು.

"ಸಾಹೇಬ್, ಇಂಜಿನ್ ಬಂದ್ ಮಾಡಿ. ಒಳಗೆ ಕಬೂತರ್ ಇದೆ."

ಅದು ಕಬೂತರ್ ಅಲ್ಲ, ಟರ್ಬೊ ಎಂದೆ. ಟರ್ಬೊ ಯಾವ ಜಾತಿಯದಾದರೂ ಜೀವ ಜೀವವೇ ಎಂದರು. ಐದು ನಿಮಿಷದಲ್ಲಿ ಹತ್ತು ಜನ ಸೇರಿದರು. ಒಬ್ಬಾಕೆ ಬಟ್ಟಲಿನಲ್ಲಿ ನೀರು ತಂದರು. ಕಾಕಾ ಬಾನೆಟ್ಟಿನ ಮೇಲೆಲ್ಲ ಜೋಳ ಚೆಲ್ಲಿ, ಎಲ್ಲರಿಗೂ ಮಾತಾಡದಿರಲು ಸನ್ನೆ ಮಾಡಿ, "ಆ, ಆ" ಎಂದು ಕರೆದರು. ಒಳಗಿನದು ಬರಲಿಲ್ಲ, ಹೊರಗಿನವು ನಲವತ್ತು ಬಂದವು. ಕೊನೆಗೆ ಹಕ್ಕಿ ರಕ್ಷಿಸುವವರಿಗೆ ಫೋನು ಹೋಯಿತು. ಇಬ್ಬರು ಕೈಗವಸು ಹಾಕಿಕೊಂಡು, ಬಲೆ ಹಿಡಿದು ಬಂದು, ಬಾನೆಟ್ ಎತ್ತಿ ಟಾರ್ಚು ಹಾಕಿ ಮೂಲೆಮೂಲೆ ನೋಡಿದರು. ಒಂದು ಪುಕ್ಕವೂ ಸಿಗಲಿಲ್ಲ. ಹಾರಿಹೋಗಿದೆ, ಬದುಕಿಕೊಂಡಿತು ಎಂದು ಕಾಕಾ ಕೈ ಮುಗಿದರು.

ಪಾರಿವಾಳ ಇಲ್ಲವೆಂದು ಇಡೀ ಸೊಸೈಟಿ ಸಂತೋಷಪಟ್ಟಿತು. ಅಯ್ಯೋ, ಪಾರಿವಾಳವಾದರೂ ಇರಬಾರದಿತ್ತೇ ಎಂದು ಸಂಕಟಪಟ್ಟವನು ನಾನೊಬ್ಬನೇ.

೩. ಎಕ್ಸ್‌ಪ್ರೆಸ್‌ವೇಯಲ್ಲಿ ಉಸಿರು

ಮಗಳು ಮುಂದಿನ ಸೋಮವಾರದಿಂದ ಕೆಲಸಕ್ಕೆ ಹೋಗಬೇಕು. ಶನಿವಾರ ಬೆಳಿಗ್ಗೆ ನಾನೂ ಹೆಂಡತಿಯೂ ಹೊರಟೆವು. ಕಾರು ಕೊಟ್ಟು ರೈಲಿನಲ್ಲಿ ವಾಪಸ್ಸಾಗುವುದೆಂದು ಯೋಜನೆ.

ನಾನು ಹೆದ್ದಾರಿಯಲ್ಲಿ ನೂರಕ್ಕೆ ಕಡಿಮೆ ಓಡಿಸಿದವನಲ್ಲ. ನನ್ನನ್ನು ಹಿಂದೆ ಹಾಕಿದ ಗಾಡಿಯ ಚಾಲಕ ಕ್ಷಮೆ ಕೇಳಲು ಮುಂದೆ ಕಾದು ನಿಂತದ್ದೂ ಉಂಟು. ಅವತ್ತೂ ವಡೋದರಾ ಎಕ್ಸ್‌ಪ್ರೆಸ್‌ವೇ ಹತ್ತಿ ಹಾಗೇ ಬಿಟ್ಟೆ. ಆದರೆ ಪ್ರತಿ ಲಾರಿಯನ್ನು ಹಿಂದೆ ಹಾಕಿ ಕಾಲು ಎತ್ತಿದಾಗಲೂ ತುತುತುತು. ಲಾರಿಗಳೇನು ಒಂದೇ ಎರಡೇ. ಸೋಮವಾರದಿಂದ ಈ ಸದ್ದಿನ ಜೊತೆ ಮಗು ಒಬ್ಬಳೇ ಹೋಗುತ್ತಾಳೆ, ಹಿಂದೊಂದು ಟ್ಯಾಂಕರು, ಮುಂದೊಂದು ಟ್ಯಾಂಕರು, ನಡುವೆ ಒಳಗಿನದು ಏನೋ ಮುರಿದು ಗಾಡಿ ನಿಂತರೆ? ಅಂಗಿಯ ಬೆನ್ನು ಒದ್ದೆಯಾಯಿತು. ಎಸಿ ಹಾಕಿತ್ತು.

ಕಿಟಕಿಯ ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದ ಹೆಂಡತಿ ಅದೇನ್ರೀ ಸದ್ದು ಎಂದಳು. ಟರ್ಬೊ ಉಸಿರಾಡುತ್ತಿದೆ ಕಣೇ, ಆರೋಗ್ಯವಾಗಿರುವ ಲಕ್ಷಣ ಎಂದೆ.

ಅವಳು ಇನ್ನೆರಡು ಲಾರಿ ದಾಟುವವರೆಗೆ ಕಿವಿಗೊಟ್ಟು ಕೇಳಿದಳು.

"ನಮ್ಮ ದೊಡ್ಡಪ್ಪ ಹೀಗೇ ಉಸಿರಾಡಿದಾಗ ಊರಿಂದ ಮಕ್ಕಳನ್ನೆಲ್ಲ ಕರೆಸಿದ್ದರು."

೪. ವಡೋದರಾದ ಉಸ್ತಾದ್

ವಡೋದರಾ ಸೇರಿದ ಕೂಡಲೇ, ಟೈರಿನ ಗಾಳಿ ನೋಡಿಸೋಣ ಎಂಬ ನೆವದಲ್ಲಿ ಗ್ಯಾರೇಜೊಂದರ ಮುಂದೆ ನಿಲ್ಲಿಸಿದೆ. ಮೆಕ್ಯಾನಿಕ್ಕು ನನ್ನ ವಯಸ್ಸಿನವನು, ಮೂಗಿನ ತುದಿಗೆ ಕನ್ನಡಕ. ಕಾರನ್ನು ತಾನೇ ಒಂದು ಸುತ್ತು ಓಡಿಸಿದ. ನಾನು ಪಕ್ಕದಲ್ಲಿ ಕೂತಿದ್ದೆ. ಒಂದೇ ಒಂದು ತುತುತು ಕೇಳಿ ತಲೆಯಾಡಿಸಿದ.

ವಾಪಸ್ಸು ಬಂದು ಬಾನೆಟ್ಟಿನ ಮೇಲೆ ಕೈಯಿಟ್ಟು ಪಾಠ ಹೇಳಿದ. ಫ್ಯಾನು ಗಾಳಿ ಒತ್ತುತ್ತಿರುತ್ತದೆ. ನೀವು ಕಾಲು ಎತ್ತಿದರೆ ಇಂಜಿನ್ನಿನ ಬಾಗಿಲು ಮುಚ್ಚುತ್ತದೆ, ಆದರೆ ಫ್ಯಾನು ನಿಲ್ಲುವುದಿಲ್ಲ. ಒತ್ತಿದ ಗಾಳಿ ಎಲ್ಲಿಗೆ ಹೋಗಬೇಕು? ಅದಕ್ಕೇ ಒಂದು ರೀಸರ್ಕ್ಯುಲೇಷನ್ ವಾಲ್ವು. ಅದು ತೆರೆದು ಗಾಳಿಯನ್ನು ಪೈಪಿನ ಮೂಲಕ ಫ್ಯಾನಿನ ಬಾಯಿಗೆ ಸುತ್ತಿಸಿ ಕಳಿಸುತ್ತದೆ, ಫುಸ್ ಎನ್ನುತ್ತದೆ. ಆ ದಾರಿ ಮುಚ್ಚಿದ್ದರೆ? ಗಲ್ಲಿಯ ಕೊನೆಯ ಬಾಗಿಲು ಹಾಕಿದ್ದರೆ ಮದುವೆ ಮೆರವಣಿಗೆ ಹಿಂದಕ್ಕೆ ತಿರುಗಿ ಡೋಲಿನವರ ಮೇಲೆ ಬೀಳುವ ಹಾಗೆ, ಗಾಳಿ ಬಂದು ಫ್ಯಾನಿನ ಮೇಲೇ ಬೀಳುತ್ತದೆ. ಅದು ಒತ್ತುತ್ತದೆ, ಇದು ತಳ್ಳುತ್ತದೆ. ಆ ಜಗಳವೇ ಸರ್ಜ್, ಈ ತುತುತು. ಬಹಳ ದಿನ ಬಿಟ್ಟರೆ ಫ್ಯಾನಿನ ಅಚ್ಚು ಸವೆಯುತ್ತದೆ.

ಅಲ್ಲಿಯವರೆಗೆ ನಾನು ತಿಳಿದವನ ಹಾಗೆ ಹೂಂಗುಟ್ಟುತ್ತಿದ್ದೆ. ಆಮೇಲೆ ಅವನು ಇನ್ನೊಂದು ಮಾತು ಹೇಳಿದ. ಆ ಪೈಪು ನೇರ ಫ್ಯಾನಿಗೇ ಹೋಗುವುದು. ಅದರೊಳಗೆ ಒಂದು ಕಡಲೆಕಾಳು ಬಿದ್ದಿದ್ದರೂ ಫ್ಯಾನು ಎಳೆದುಕೊಳ್ಳುತ್ತದೆ, ಕಾಳೂ ಪುಡಿ, ಫ್ಯಾನೂ ಪುಡಿ. "ಈ ಪೈಪನ್ನು ಯಾರಾದರೂ ಬಿಚ್ಚಿದ್ದರೇ, ಸಾಹೇಬ್?"

ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ನನ್ನ ಬಿರಡೆ ಕಡಲೆಕಾಳಿನ ನೂರರಷ್ಟು ದೊಡ್ಡದು. ಯಾರು ಬಿಚ್ಚುತ್ತಾರೆ, ಬುದ್ಧಿ ಇರುವವರು ಬಿಚ್ಚುತ್ತಾರೆಯೇ ಎಂದೆ. ಅವನು ಸ್ಕ್ರೂಡ್ರೈವರ್ ಕೈಗೆತ್ತಿಕೊಂಡ. ನನಗೆ ತಕ್ಷಣ ವಿಪರೀತ ಹಸಿವಾಯಿತು. ರಸ್ತೆಯಾಚೆ ಸೇವ್ ಉಸಲಿನ ಅಂಗಡಿ ಕಾಣಿಸಿತು, ಹೋಗಿಬಿಟ್ಟೆ. ಅಲ್ಲಿ ಬಟಾಣಿಯ ಸಾರಿನ ಮೇಲೆ ಎಷ್ಟು ಖಾರ ಹಾಕಿದರೆಂದರೆ, ಕಣ್ಣೀರು ಬಂದದ್ದಕ್ಕೆ ಯಾರಿಗೂ ಬೇರೆ ಕಾರಣ ಹೇಳಬೇಕಾಗಲಿಲ್ಲ.

೫. ನರ್ಮದೆಯ ದರ್ಶನ

ಎರಡು ತಟ್ಟೆ ಮುಗಿಸಿ ಬಂದಾಗ ಬಾನೆಟ್ಟು ಮುಚ್ಚಿತ್ತು. ಮೆಕ್ಯಾನಿಕ್ಕು ಕೈ ಒರೆಸಿಕೊಳ್ಳುತ್ತಾ, ಆಯಿತು, ಗಾಳಿಗೆ ದಾರಿ ಸಿಕ್ಕಿದೆ, ಹೊರಡಿ ಎಂದ. ಬಿರಡೆಯ ಸುದ್ದಿಯನ್ನೇ ಎತ್ತಲಿಲ್ಲ. ಕೇಳೋಣವೆಂದರೆ, ಯಾವ ಬಿರಡೆ ಎಂದು ಅವನು ಕೇಳುತ್ತಾನೆ. ಹೆಂಡತಿ ಪಕ್ಕದಲ್ಲೇ ಇದ್ದಾಳೆ.

ಊರು ದಾಟಿ ಹೆದ್ದಾರಿಯಲ್ಲಿ ಒಮ್ಮೆ ಒತ್ತಿ ಕಾಲು ಎತ್ತಿದೆ. ಫುಸ್. ತುತುತು ಇಲ್ಲವೇ ಇಲ್ಲ. ಅಂದರೆ ಪೈಪು ಖಾಲಿ. ಆದರೆ ಅವನಿಗೆ ಬಿರಡೆ ಸಿಕ್ಕಿದ್ದರೆ ಹೇಳದೇ ಇರುತ್ತಿದ್ದನೇ? ಅಂದರೆ ಅದು ಒಳಗೆ ಜಾರಿದೆ, ಫ್ಯಾನಿನ ಬಾಯಲ್ಲಿ ಎಲ್ಲೋ ಕೂತಿದೆ. ಇಷ್ಟು ಲೆಕ್ಕ ಹಾಕುವಷ್ಟರಲ್ಲಿ ಕಾಲು ತಾನಾಗಿಯೇ ಪೆಡಲಿನಿಂದ ಮೇಲೆದ್ದಿತ್ತು.

ಅಲ್ಲಿಂದ ವೇಗ ನಲವತ್ತು. ನಲವತ್ತೊಂದಲ್ಲ. ಫ್ಯಾನು ಜೋರಾಗಿ ತಿರುಗಿದರೆ ತಾನೇ ಎಳೆದುಕೊಳ್ಳುವುದು ಎಂದು, ಪೆಡಲಿನ ಮೇಲೆ ಮೊಟ್ಟೆಯಿದೆಯೇನೋ ಎಂಬಂತೆ ಕಾಲಿಟ್ಟು ಎಡ ಅಂಚಿನಲ್ಲೇ ಹೋದೆ. ಕಬ್ಬಿನ ಟ್ರ್ಯಾಕ್ಟರೊಂದು ನಮ್ಮನ್ನು ಎರಡು ಸಲ ಹಿಂದೆ ಹಾಕಿತು. ಒಂದೇ ಟ್ರ್ಯಾಕ್ಟರು ಎರಡು ಸಲ ಹೇಗೆ ಎಂದರೆ, ನಡುವೆ ಅವನು ಇಳಿದು ಚಹಾ ಕುಡಿದಿದ್ದ. ಟೋಲಿನಲ್ಲಿ ನಿಲ್ಲಿಸಿ ಮತ್ತೆ ಹೊರಡುವಾಗ, ನನಗೆ ಗೊತ್ತಿರುವ ದೇವರುಗಳು ಸಾಲದೆ ಗುಜರಾತಿನವರ ದೇವರುಗಳನ್ನೂ ಕರೆದೆ.

ಹೆಂಡತಿ ಮಾತ್ರ ಹಿಡಿಯಿಂದ ಕೈ ತೆಗೆದು, ಸೀಟನ್ನು ಹಿಂದಕ್ಕೆ ಬಾಗಿಸಿ, ದೇವರನಾಮ ಗುನುಗುತ್ತಾ ಹಪ್ಪಳದಂಥ ಖಾಕ್ರಾ ತಿನ್ನುತ್ತಿದ್ದಳು. ಭರೂಚಿನ ಸೇತುವೆ ಬಂದಾಗ ಕಿಟಕಿ ಇಳಿಸಿ ಕೈ ಮುಗಿದಳು.

"ಈ ದಾರಿಯಲ್ಲಿ ಹತ್ತು ಸಲ ಬಂದಿದ್ದೀವಿ. ನರ್ಮದೆಯಲ್ಲಿ ನೀರಿರುತ್ತೆ ಅಂತ ಇವತ್ತೇ ಗೊತ್ತಾಗಿದ್ದು."

೬. ಸಚಿನ್ ದಾರಿಯಲ್ಲಿ

ವರಾಛಾದಲ್ಲಿ ಮಗಳು ಬೀದಿಯಲ್ಲೇ ಕಾಯುತ್ತಿದ್ದಳು. ಅವಳ ಮನೆಯ ಮಾಲೀಕರು ವಜ್ರಕ್ಕೆ ಹೊಳಪು ಕೊಡುವವರು. ಜೇಬಿನ ಭೂತಗನ್ನಡಿ ಕಣ್ಣಿಗಿಟ್ಟು ಕಾರಿನ ಬಾಗಿಲು ಪರೀಕ್ಷಿಸಿ, ಮಾಲು ಚೆನ್ನಾಗಿದೆ ಎಂದರು. ಒಳಗಿನ ಮಾಲಿನ ಸ್ಥಿತಿ ನನಗೊಬ್ಬನಿಗೇ ಗೊತ್ತು.

ಮಗಳು ಕೀಲಿ ಕಸಿದುಕೊಂಡಳು. "ಪಪ್ಪಾ, ನಡಿ, ಸಚಿನ್ ತನಕ ಒಂದು ಚಕ್ಕರ್ ಹೊಡೆಯೋಣ. ಮಂಡೇ ಹೋಗೋ ರಸ್ತಾನೇ." ಇವತ್ತು ಬೇಡ, ವಾರ ಒಳ್ಳೆಯದಲ್ಲ ಎಂದೆ. ಟೈರು ಸುಸ್ತಾಗಿದೆ ಎಂದೂ ಹೇಳಿದೆ. ಅವಳು ಗಾಡಿ ಚಾಲೂ ಮಾಡಿಯಾಗಿತ್ತು. ನಾನು ಪಕ್ಕದಲ್ಲಿ ಕೂತೆ, ಹೆಂಡತಿ ಹಿಂದೆ.

ಊರಿನೊಳಗೆ ಹೇಗೋ ಜೀವ ಹಿಡಿದುಕೊಂಡಿದ್ದೆ. ಸಚಿನ್ ಕಡೆಯ ರಸ್ತೆ ಸಿಕ್ಕಿದ್ದೇ ತಡ, ಮಗಳು ಒತ್ತಿದಳು. ಮುಂದೆ ಒಂದು ಟ್ಯಾಂಕರು, ಅದರ ಬೆನ್ನಿಗೆ ತಲೆಬುರುಡೆಯ ಚಿತ್ರ. ಅದನ್ನು ದಾಟಲು ಬಲಕ್ಕೆ ತಿರುಗಿಸಿದಳು. ಗಾಡಿ ಬಾಣದಂತೆ ಹೊರಟಿತು, ಫ್ಯಾನು ಕುಂಯ್ ಎಂದು ಏರುವುದು ನನ್ನ ಹಲ್ಲಿಗೆ ಕೇಳಿಸಿತು. ದಾಟಿದ ಮೇಲೆ ಕಾಲು ಎತ್ತಿದಳು. ಫುಸ್. ನಾನು ನೋಡಿಕೊಂಡರೆ ನನ್ನ ಎರಡೂ ಕಾಲು ಸೀಟಿನ ಮೇಲಿದ್ದವು. ಮುಂದೆ ಇನ್ನೊಂದು ಟ್ಯಾಂಕರು ಇತ್ತು.

ಮೂವತ್ತೊಂದು ವರ್ಷ ಕಾಪಾಡಿಕೊಂಡ ಮರ್ಯಾದೆ ಒಂದು ಕಡೆ, ಈ ಹುಡುಗಿ ಒಂದು ಕಡೆ. ತೂಗಿ ನೋಡಲು ಹೊತ್ತು ಬೇಕಾಗಲಿಲ್ಲ.

"ಗಾಡಿ ಪಕ್ಕಕ್ಕೆ ಹಾಕು ಮಗಳೇ" ಎಂದೆ. "ಆ ಪೈಪಿಗೆ ರಬ್ಬರ್ ಬಿರಡೆ ಹಾಕಿದವನು ನಾನೇ. ಸೋರಿಕೆ ಅಂದುಕೊಂಡೆ. ಈಗ ಅದು ಫ್ಯಾನಿನೊಳಗೆ ಹೋಗಿದೆ. ಯಾವಾಗ ಬೇಕಾದರೂ ಮುರೀಬಹುದು. ನನಗೆ ಗಾಡಿ ವಿಷಯ ಏನೂ ಗೊತ್ತಿಲ್ಲ. ಸೋಮವಾರ ನೀನು ಬಸ್ಸಿನಲ್ಲಿ ಹೋಗು."

ಮಗಳು ರಸ್ತೆಬದಿಗೆ ನಿಲ್ಲಿಸಿ ನನ್ನ ಮುಖ ನೋಡಿದಳು. ಹಿಂದಿನ ಸೀಟಿನಿಂದ ಒಂದು ಕೈ ಮುಂದೆ ಬಂತು. ಕೈಯಲ್ಲಿ ಟಿಶ್ಯೂ ಕಾಗದ, ಅದರಲ್ಲಿ ಇಡಿಯಾದ, ಒಂದು ಗೀರೂ ಬೀಳದ ನನ್ನ ಬಿರಡೆ.

ನಾನು ಸೇವ್ ಉಸಲು ತಿನ್ನುತ್ತಿದ್ದಾಗಲೇ ಅದು ಸಿಕ್ಕಿತ್ತಂತೆ. ಮೆಕ್ಯಾನಿಕ್ಕು ಅದನ್ನು ಬೆಳಕಿಗೆ ಹಿಡಿದು, ಅಕ್ಕಾ ಎನ್ನುವ ಹಾಗೆ ಬೆನ್ ಎಂದು ಕರೆದು, ಇದು ಮೆಕ್ಯಾನಿಕ್ ಮಾಡುವ ಕೆಲಸವಲ್ಲ, ಬಹಳ ಓದಿದವರು ಯಾರೋ ಮಾಡಿದ್ದಾರೆ ಎಂದನಂತೆ. ಸಾಹೇಬರಿಗೆ ಹೇಳಬೇಡಿ ಎಂದು ಹೆಂಡತಿಯೇ ಕೇಳಿಕೊಂಡಳಂತೆ. ಗಾಡಿಗೆ ಏನೂ ಆಗಿಲ್ಲ, ಮಗಳು ನಿಶ್ಚಿಂತೆಯಾಗಿ ಓಡಿಸಬಹುದು ಎಂದೂ ಅವನು ಹೇಳಿದ್ದನಂತೆ.

ಮಗಳು ಸ್ಟೀರಿಂಗಿನ ಮೇಲೆ ತಲೆಯಿಟ್ಟು ನಕ್ಕಳು. ಹೋದ ಜೀವ ವಾಪಸ್ಸು ಬಂದದ್ದರಿಂದ ನನಗೆ ಕೋಪವೂ ಬಂತು. ಹಿಂದಕ್ಕೆ ತಿರುಗಿ, ವಡೋದರಾದಿಂದ ಇಲ್ಲಿಯವರೆಗೆ ನೂರೈವತ್ತು ಕಿಲೋಮೀಟರ್ ನಾನು ಹೇಗೆ ನಡುಗಿಕೊಂಡು ಬಂದೆ ಗೊತ್ತೇನೇ, ಒಂದು ಮಾತು ಹೇಳಬಾರದಿತ್ತೇ ಎಂದೆ.

ಅವಳು ಸೆರಗು ಸರಿಮಾಡಿಕೊಂಡಳು.

"ಗೊತ್ತಿತ್ತು ರೀ. ಇಪ್ಪತ್ತೆಂಟು ವರ್ಷದಿಂದ ನಿಮ್ಮ ಪಕ್ಕದ ಸೀಟಿನಲ್ಲಿ ನಾನು ಹಾಗೇ ನಡುಗಿಕೊಂಡು ಬರ್ತಿದ್ದೀನಿ. ಒಂದು ದಿನ ನೀವು ನಡುಗಿರಿ, ನಾನು ನದಿ ನೋಡ್ತೀನಿ ಅಂತ ಸುಮ್ಮನಿದ್ದೆ."